ಮಸ್ಕತ್ತಿನ ಕೆಂಪು ಬಸ್ಸು: ರೂವಿಯಲ್ಲಿ ಸಂಸಾರ ಮಾಡಿದವರಿಗೆ ಒಂದು ರಿವ್ಯೂ

ಮಸ್ಕತ್‌ನಲ್ಲಿ ಹಿಂದೆ ಸಂಸಾರ ಮಾಡಿ ಊರಿಗೆ ವಾಪಸ್ ಬಂದವರು, ಅದ್ರಲ್ಲೂ ಹೆಂಗಸರು, ಈಗ ಮಕ್ಕಳ ಜೊತೆ ಒಂದ್ಸಲ ಹೋಗಿ ನೋಡಿ ಬರುವ ಅಂತ ಹೊರಟ್ರೆ ಟೂರ್ ಪ್ಯಾಕೇಜ್ ಬೇಡ, ಕಾರ್ ಬಾಡಿಗೆಗೆ ತಗೊಳ್ಳೋದೂ ಬೇಡ, ಮ್ವಾಸಲಾತ್ ಅನ್ನುವ ಅಲ್ಲಿನ ಸರ್ಕಾರಿ ಬಸ್ಸಿನಲ್ಲಿ ತಿರುಗಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ, ಯಾಕಂದ್ರೆ ಹೋಗುವ ಮೊದಲು ನಾನು ಮತ್ತೆ ಮಗ ಕೂತು ಹುಡುಕಿದಾಗ ಸಿಕ್ಕಿದ ರಿವ್ಯೂ ಎಲ್ಲಾ ಟೂರಿಸ್ಟ್‌ಗಳು ಬರ್ದದ್ದು, ಅಲ್ಲಿ ಬಾಳಿ ಬಂದವರು ಬರ್ದದ್ದು ಒಂದೂ ಸಿಗ್ಲಿಲ್ಲ.

ನಾವು ಉಡುಪಿ ಕಡೆಯವರು. ತೊಂಬತ್ತರ ದಶಕದಲ್ಲಿ ಇವರಿಗೆ ಮಸ್ಕತ್ತಿನ ರೂವಿ ಅನ್ನುವ ಏರಿಯಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಫ್ಯಾಮಿಲಿ ವೀಸಾ ಆದ ಕೂಡ್ಲೇ ನಾನೂ ಹೋದೆ, ಮಗ ಸ್ಕೂಲಿಗೆ ಹೋದದ್ದೆಲ್ಲ ಅಲ್ಲೇ, ದಾರ್ಸೈಟ್‌ನ ಇಂಡಿಯನ್ ಸ್ಕೂಲಿಗೆ. ಆಗ ಮಂಗಳೂರಿಂದ ಗಲ್ಫಿಗೆ ಡೈರೆಕ್ಟ್ ವಿಮಾನ ಅನ್ನೋದೇ ಇರ್ಲಿಲ್ಲ, ಉಡುಪಿಯಿಂದ ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿಂದ ಮಸ್ಕತ್ತಿನ ಸೀಬ್ ಏರ್‌ಪೋರ್ಟು. ಒಂದು ರಿಯಾಲಿಗೆ ತೊಂಬತ್ತು ರೂಪಾಯಿ ಆಚೆ ಈಚೆ, ಈಗ ಇನ್ನೂರು ದಾಟಿ ಆಯ್ತು. ಈ ಸಲ ಇವರಿಗೆ ಮಂಡಿ ಆಪರೇಷನ್ ಆಗಿ ಇನ್ನೂ ಸರಿ ನಡೀಲಿಕ್ಕೆ ಆಗುದಿಲ್ಲ ಅಂತ ಬರ್ಲಿಲ್ಲ, ನಾನು ಮತ್ತೆ ಮಗ ಇಬ್ರೇ ಹೋದದ್ದು.

ಒಂದು ವಿಷಯ ಗೊತ್ತಿಲ್ಲದವರಿಗೆ ಹೇಳ್ಬೇಕು. ಆ ಕಾಲದಲ್ಲಿ ರೂವಿಯಲ್ಲಿದ್ದ ನಮ್ಮಂಥ ಹೆಂಗಸರಿಗೆ ಮಸ್ಕತ್ ಅಂದ್ರೆ ಶುಕ್ರವಾರ ಮಾತ್ರ. ಬಾಕಿ ದಿನ ಫ್ಲ್ಯಾಟು, ಕೆಳಗಿನ ಅಂಗಡಿ, ಪಕ್ಕದ ಬಿಲ್ಡಿಂಗಿನ ಮಲಯಾಳಿ ಹೆಂಗಸ್ರು, ಅಷ್ಟೇ. ಸರ್ಕಾರಿ ಬಸ್ ಕಂಪನಿ ಇರ್ಲಿಲ್ಲ ಅಂತಲ್ಲ, ಒಎನ್‌ಟಿಸಿ ಅಂತ 1972ರಿಂದಲೇ ಇತ್ತು, ಸಲಾಲಾಕ್ಕೆ ದುಬೈಗೆ ಎಲ್ಲಾ ಹೋಗ್ತಿತ್ತು, ಆದ್ರೆ ಊರೊಳಗೆ ಒಬ್ಳೇ ಹೆಂಗಸು ಹತ್ತಿ ತರಕಾರಿ ತಂದು ಬರುವ ಹಾಗೆ ನಮಗೆ ಒಂದು ಬಸ್ಸು ಇರ್ಲಿಲ್ಲ. ಇದ್ದದ್ದು ಕಿತ್ತಳೆ ಬಿಳಿ ಬಣ್ಣದ ಟ್ಯಾಕ್ಸಿ ಮತ್ತೆ ಅದೇ ಬಣ್ಣದ ಸಣ್ಣ ವ್ಯಾನು, ಮೀಟರ್ ಇಲ್ಲ, ನಾಲ್ಕು ಜನ ಗಂಡಸ್ರ ಜೊತೆ ಶೇರಿಂಗ್‌ನಲ್ಲಿ ಕೂರ್ಬೇಕು, ರೇಟು ಬಾಯಲ್ಲೇ ಮಾತಾಡ್ಬೇಕು. ಡ್ರೈವರ್‌ಗಳು ಒಳ್ಳೆಯವರೇ, ಎಲ್ಲಾ ಒಮಾನಿಗಳೇ, ಆ ಕೆಲಸ ಅಲ್ಲಿಯವರಿಗೆ ಮಾತ್ರ, ಆದ್ರೂ ಮನೆಯಲ್ಲಿ ಬೇಡ ಅಂತಿದ್ರು, ನಂಗೂ ಧೈರ್ಯ ಬರ್ಲಿಲ್ಲ. ಹಾಗಾಗಿ ಇವರಿಗೆ ರಜೆ ಇದ್ದ ದಿನ ಕಾರಲ್ಲಿ ಎಲ್ಲಿ ಕರ್ಕೊಂಡು ಹೋದ್ರೋ ಅದೇ ನಂಗೆ ಊರು. ಶುಕ್ರವಾರ ಬೆಳಿಗ್ಗೆ ದಾರ್ಸೈಟ್ ಕೃಷ್ಣ ದೇವಸ್ಥಾನ, ಅಲ್ಲಿಂದ ಮತ್ರಾ ಮೀನು ಮಾರ್ಕೆಟ್, ಸಂಜೆ ಕುರುಮ್ ಬೀಚು, ಮುಗೀತು. ನವೆಂಬರ್ 18ರ ನ್ಯಾಷನಲ್ ಡೇಗೆ ರಸ್ತೆ ತುಂಬಾ ಲೈಟ್ ಹಾಕ್ತಿದ್ರು, ಅದನ್ನೂ ಕಾರಿನ ಗಾಜಿಂದ ನೋಡಿದ್ದೇ.

ಈ ಸಲ ಹೊರಡುವ ಮೊದಲು ಮಗ ಒಂದು ಟೂರ್ ಕಂಪನಿಯವರ ಹತ್ರ ಸಿಟಿ ಟೂರ್ ವಿಚಾರ್ಸಿದ. ಹೆಸರು ಬರಿಯುದಿಲ್ಲ. ದೊಡ್ಡ ಮಸೀದಿ, ಅರಮನೆ ಎದುರು ಫೋಟೋ, ಮತ್ರಾ ಸೂಕ್ ಅನ್ನುವ ಹಳೇ ಪೇಟೆ, ಒಪೆರಾ ಹೌಸ್, ಎಲ್ಲಾ ಅರ್ಧ ದಿನದಲ್ಲಿ ಮುಗ್ಸಿ ಹೋಟೆಲಿಗೆ ತಂದು ಬಿಡ್ತೇವೆ ಅಂದ್ರು. ರೂವಿ? ಅಂತ ಕೇಳಿದ್ರೆ ಅಲ್ಲಿ ನೋಡ್ಲಿಕ್ಕೆ ಎಂತದ್ದೂ ಇಲ್ಲ ಮೇಡಂ ಅಂತ ಉತ್ತರ. ನಂಗೆ ಬಹಳ ಬೇಜಾರಾಯ್ತು, ನನ್ನ ಮಗ ನಡೀಲಿಕ್ಕೆ ಕಲ್ತ ಜಾಗ ಅದು. ಕಾರ್ ತಗೊಳ್ಳುವ ಅಮ್ಮ, ನಿಂಗೆ ಬಿಸಿಲಿಗೆ ಆಗುದಿಲ್ಲ ಅಂದ ಮಗ. ಬೇಡ ಮಗ, ಬಸ್ಸು ಬಂದಿದೆ ಅಂತ ಎಲ್ರೂ ಹೇಳ್ತಾರೆ, ಒಂದ್ಸಲ ಅದ್ರಲ್ಲಿ ಹೋಗುವ ಅಂದೆ. ಮತ್ತೆ ಬಸ್ಸಲ್ಲೇ ತಿರುಗಿದ್ದು, ಕಾರ್ ಬೇಕು ಅಂತ ಅವನೂ ಹೇಳ್ಲಿಲ್ಲ.

ಇನ್ನು ಬಸ್ಸಿನ ವಿಷಯ. 2015ರ ನವೆಂಬರ್‌ನಲ್ಲಿ ಅದೇ ಹಳೇ ಒಎನ್‌ಟಿಸಿಯೇ ಮ್ವಾಸಲಾತ್ ಅಂತ ಹೊಸ ಹೆಸರು, ಹೊಸ ಕೆಂಪು ಬಸ್ಸು ಇಟ್ಟುಕೊಂಡು ಊರೊಳಗಿನ ರೂಟ್ ಶುರು ಮಾಡಿದ್ದು. ಮೊದಲಿನ ರೂಟೇ ರೂವಿಯಿಂದ ಮಬೇಲಾ, ಈಗ್ಲೂ ಅದೇ ಒಂದನೇ ನಂಬರ್, ಊರಿನ ಈ ತುದಿಯಿಂದ ಆ ತುದಿವರೆಗೆ ಸುಲ್ತಾನ್ ಕಾಬೂಸ್ ರಸ್ತೆ ಹಿಡಿದು ಹೋಗ್ತದೆ. ಮತ್ರಾಕ್ಕೆ ನಾಲ್ಕನೇ ನಂಬರ್. ಏರ್‌ಪೋರ್ಟಿಂದ ರೂವಿಗೂ ಬಸ್ಸು ಉಂಟು, ಸೂಟ್‌ಕೇಸ್ ಇಡ್ಲಿಕ್ಕೆ ಜಾಗ ಉಂಟು, ನಮ್ಮಂಥ ಎರಡು ಬ್ಯಾಗಿನವರಿಗೆ ಧಾರಾಳ ಸಾಕು. ಟಿಕೆಟ್ ಡ್ರೈವರ್ ಹತ್ರವೇ, ಊರೊಳಗೆ ಓಡಾಡ್ಲಿಕ್ಕೆ ಕೆಲವು ನೂರು ಬೈಸ ಸಾಕು, ಸಾವಿರ ಬೈಸ ಸೇರಿದ್ರೆ ಒಂದು ರಿಯಾಲ್ ಅಂತ ಲೆಕ್ಕ ಇಟ್ಟುಕೊಂಡ್ರೆ ಎಷ್ಟು ಅಗ್ಗ ಅಂತ ಗೊತ್ತಾಗ್ತದೆ, ಅದೇ ದೂರಕ್ಕೆ ಟ್ಯಾಕ್ಸಿ ಮಾಡಿದ್ರೆ ರಿಯಾಲ್ ಲೆಕ್ಕದಲ್ಲೇ ಹೋಗ್ತದೆ. ಚಿಲ್ಲರೆ ಇಟ್ಕೊಳ್ಳಿ, ಅರ್ಧ ರಿಯಾಲ್ ನೋಟು, ನೂರು ಬೈಸ ನೋಟು ಕೈಯಲ್ಲಿದ್ರೆ ಡ್ರೈವರಿಗೂ ಸುಲಭ ನಮಗೂ ಸುಲಭ. ಎಸಿ ಒಳ್ಳೆ ತಂಪು, ತೆಳ್ಳಗಿನ ಶಾಲು ಇದ್ರೆ ಒಳ್ಳೇದು. ಮುಂದಿನ ಸೀಟುಗಳು ಹೆಂಗಸರಿಗೆ, ಫ್ಯಾಮಿಲಿಗೆ. ಗಂಡಸ್ರು ಹಿಂದೆ ಹೋಗಿ ಕೂರ್ತಾರೆ, ಯಾರೂ ಹೇಳ್ಬೇಕು ಅಂತ ಇಲ್ಲ, ಬಸ್ಸು ತುಂಬಿದ್ರೂ ಮುಂದೆ ಬಂದು ಮೈಗೆ ಮೈ ತಾಗಿಸಿ ನಿಲ್ಲುದಿಲ್ಲ. ಇದೊಂದು ವಿಷಯಕ್ಕೆ ನಾನು ಪೂರ್ತಿ ಮಾರ್ಕ್ ಕೊಡ್ತೇನೆ, ನಮ್ಮೂರಿನ ಸಂಜೆ ಆರು ಗಂಟೆ ಬಸ್ಸಲ್ಲಿ ಹೋಗುವ ಹೆಂಗಸರಿಗೆ ಇದ್ರ ಬೆಲೆ ಗೊತ್ತಾಗ್ತದೆ.

ಡ್ರೈವರ್ ಹತ್ರ ಭಾಷೆ ತೊಂದ್ರೆ ಇಲ್ಲ, ಒಮಾನಿಗಳಲ್ಲಿ ತುಂಬಾ ಜನ ಹಿಂದಿ ಮಾತಾಡ್ತಾರೆ, ಕೆಲವ್ರು ಮಲಯಾಳವೂ. ನನ್ನ ಪಕ್ಕ ಒಂದ್ಸಲ ಕಾಲೇಜಿಗೆ ಹೋಗುವ ಒಮಾನಿ ಹುಡುಗಿ, ಇನ್ನೊಂದ್ಸಲ ಫಿಲಿಪೀನ್ಸಿನ ನರ್ಸು, ಹಿಂದೆ ಸೈಟಿಗೆ ಹೋಗುವ ಬಂಗಾಲಿ ಹುಡುಗ್ರು. ಅಷ್ಟು ವರ್ಷ ಅಲ್ಲಿದ್ದಾಗ ಇವರ್ಯಾರ ಹತ್ರವೂ ನಾನು ಮಾತಾಡಿದ್ದೇ ಇಲ್ಲ, ನಮ್ಮ ಜನ ಅಂದ್ರೆ ತುಳುವರು, ಕೊಂಕಣಿಯವರು, ಮಲಯಾಳಿಗಳು, ಅಲ್ಲಿಗೆ ನಿಂತಿತು. ಆ ಹುಡುಗಿ ನಂಗೆ ಇಳಿಯುವ ಸ್ಟಾಪ್ ತೋರ್ಸಿ, ಅಮ್ಮ ನೀವು ಮೊದಲು ಇಲ್ಲಿದ್ರಾ ಅಂತ ಹಿಂದಿಯಲ್ಲಿ ಕೇಳಿ, ಹೌದು ನೀನು ಹುಟ್ಟುವ ಮೊದಲು ಅಂದಾಗ ಕೈ ಎದೆ ಮೇಲಿಟ್ಟು ನಕ್ಕಳು. ಟೂರ್ ವ್ಯಾನಿನಲ್ಲಿ ಇದು ಸಿಗ್ಲಿಕ್ಕಿಲ್ಲ.

ಮತ್ತೆ ನಂಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅನ್ಸಿದ್ದು ಇದು. ಒಂದನೇ ನಂಬರ್ ಬಸ್ಸು ಹತ್ತಿ ಕೂತ ಕೂಡ್ಲೇ ಮಗ ಶುರು ಮಾಡಿದ, ಅಮ್ಮ ಈ ಟರ್ನಿಂಗಲ್ಲಿ ನಮ್ಮ ಸ್ಕೂಲ್ ಬಸ್ಸು ನಿಲ್ತಿತ್ತು, ಈ ಗುಡ್ಡದ ಹಿಂದೆ ಕ್ರಿಕೆಟ್ ಆಡ್ಲಿಕ್ಕೆ ಹೋಗ್ತಿದ್ವಿ, ಇಲ್ಲಿ ಒಬ್ಬ ಫ್ರೆಂಡಿನ ಮನೆ. ಒಂದೇ ಫ್ಲ್ಯಾಟಲ್ಲಿ ಮೂರು ಜನ ಇದ್ದು ಮೂರು ಮಸ್ಕತ್‌ನಲ್ಲಿ ಇದ್ದ ಹಾಗೆ ಆಯ್ತು. ಇವರಿಗೆ ಗೊತ್ತಿದ್ದದ್ದು ಪೋರ್ಟು, ಬ್ಯಾಂಕು, ಗೋಡೌನು. ಮಗನಿಗೆ ಸ್ಕೂಲ್ ಬಸ್ಸಿನ ಕಿಟಕಿ. ನಂಗೆ ಅಡುಗೆಮನೆ ಕಿಟಕಿಯಿಂದ ಕಾಣುವ ಕಪ್ಪು ಗುಡ್ಡ. ಆ ಗುಡ್ಡಗಳು ಮಾತ್ರ ಹಾಗೇ ಇವೆ, ಒಂದು ಹುಲ್ಲು ಕಡ್ಡಿ ಇಲ್ಲದೆ ಚೂಪು ಚೂಪಾಗಿ. ಸಮುದ್ರದ ತಳದ ಕಲ್ಲೇ ಭೂಮಿ ಮೇಲಕ್ಕೆ ಎದ್ದು ಬಂದದ್ದಂತೆ ಅದು, ಒಮಾನಿನಲ್ಲಿ ಇರುವಷ್ಟು ದೊಡ್ಡದಾಗಿ ಬೇರೆ ಕಡೆ ಸಿಗುದು ಅಪರೂಪ, ಪ್ರಪಂಚದ ಎಲ್ಲಾ ಕಡೆಯಿಂದ ಭೂವಿಜ್ಞಾನಿಗಳು ನೋಡ್ಲಿಕ್ಕೆ ಬರ್ತಾರೆ ಅಂತ ಮಗ ಹೇಳಿದ, ಅವನಿಗೆ ಅಂಥದ್ದೆಲ್ಲ ಓದುವ ಮರ್ಲು. ದಿನಾ ಪಾತ್ರೆ ತೊಳೀತಾ ಅದನ್ನೇ ನೋಡಿದ್ದೆ ನಾನು, ಯಾರೂ ಹೇಳ್ಲಿಲ್ಲ ಆಗ.

ರೂವಿ ಹೈ ಸ್ಟ್ರೀಟ್ ಇವತ್ತಿಗೂ ನಮ್ಮದೇ. ಚಿನ್ನದ ಅಂಗಡಿ, ಬಟ್ಟೆ ಅಂಗಡಿ, ಮಣಿಸಾಮಾನು, ಸಂಜೆ ಆದ್ರೆ ಜನವೋ ಜನ. ಸ್ಟಾರ್ ಸಿನಿಮಾದ ಆ ದುಂಡಗಿನ ಬಿಲ್ಡಿಂಗ್ ಕಂಡು ಮಗ ಅಲ್ಲೇ ನಿಂತ, ಅವನು ಮೊದಲನೇ ಸಲ ಥಿಯೇಟರಲ್ಲಿ ಪಿಕ್ಚರ್ ನೋಡಿದ್ದು ಅಲ್ಲಿ. ನಮ್ಮ ಹಳೇ ಬಿಲ್ಡಿಂಗ್ ಹುಡುಕ್ಲಿಕ್ಕೆ ಒಂದು ಸಂಜೆ ಪೂರ್ತಿ ಹೋಯ್ತು, ಸಿಕ್ಕಿತು, ಕೆಳಗೆ ಇದ್ದ ಕೋಲ್ಡ್ ಸ್ಟೋರ್ ಈಗ ಮೊಬೈಲ್ ಅಂಗಡಿ. ವಾಚ್‌ಮ್ಯಾನ್ ಒಳಗೆ ಬಿಟ್ಟ, ಮೆಟ್ಟಿಲವರೆಗೆ ಹೋಗಿ ಬಂದೆವು, ಫೋಟೋ ತೆಗ್ದು ಇವರಿಗೆ ಕಳ್ಸಿದ್ವಿ, ಲಿಫ್ಟ್ ಸರಿ ಮಾಡಿದ್ದಾರಾ ಅಂತ ವಾಪಸ್ ಮೆಸೇಜು. ಆಮೇಲೆ ಮೂಲೆಯ ಕಾಫಿ ಶಾಪಲ್ಲಿ ಪರೋಟದೊಳಗೆ ಚೀಸು, ಮೇಲೆ ಚಿಪ್ಸ್ ಒಮಾನ್ ಪುಡಿ ಮಾಡಿ ಹಾಕಿದ ರೋಲು ಮತ್ತೆ ಕರಕ್ ಚಾಯ್. ಗಲ್ಫಲ್ಲಿ ಬೆಳೆದ ಮಕ್ಕಳಿಗೆ ಆ ಕೆಂಪು ಪ್ಯಾಕೆಟ್ ಅಂದ್ರೆ ಜೀವ, ನಲ್ವತ್ತರ ಹತ್ರ ಬಂದ ಗಂಡಸು ಕಣ್ಣು ಮುಚ್ಚಿ ತಿಂದ. ನಂಗೆ ಖಾರ ಜಾಸ್ತಿ, ಆದ್ರೆ ಚಾಯ್ ಒಂದು ಸಾಕಾಗ್ಲಿಲ್ಲ, ಎರಡು ಕುಡಿದೆ.

ಮತ್ರಾಕ್ಕೆ ನಾಲ್ಕನೇ ನಂಬರ್ ಬಸ್ಸಲ್ಲಿ ಹೋದದ್ದು ಬೆಳಿಗ್ಗೆ, ಬೆಳಿಗ್ಗೆಯೇ ಹೋಗಿ, ಯಾಕಂದ್ರೆ ಮೀನು. ನಮ್ಮ ಕಾಲದ ಮೀನು ಮಾರ್ಕೆಟ್ ಈಗ ಇಲ್ಲ, 2017ರಲ್ಲಿ ಹೊಸದು ಆಯ್ತು, ನಾರ್ವೆಯ ಸ್ನೋಹೆಟ್ಟಾ ಅನ್ನುವ ದೊಡ್ಡ ಆರ್ಕಿಟೆಕ್ಟ್ ಕಂಪನಿಯವರು ಡಿಸೈನ್ ಮಾಡಿದ್ದು, ಮೇಲೆ ಅಲೆ ಅಲೆಯಾಗಿ ಬಿಳಿ ಪಟ್ಟಿಗಳ ಮಾಡು, ಬಿಸಿಲು ಸೋಸಿ ಒಳಗೆ ಬರ್ತದೆ, ಗಾಳಿ ಆಡ್ತದೆ, ನೆಲ ಕ್ಲೀನು. ಮಲ್ಪೆ ನೋಡಿದವಳು ನಾನು, ಮೀನಿನ ವಿಷಯದಲ್ಲಿ ಸುಮ್ನೆ ಹೊಗಳುವವಳಲ್ಲ. ಟೇಬಲ್ ಮೇಲೆ ಅಂಜಲ್ ಸಾಲಾಗಿ ಮಲಗಿಸಿದ್ರು, ಕಣ್ಣು ಹೊಳೀತಿತ್ತು, ಕಿವಿ ಎತ್ತಿ ನೋಡಿದೆ, ಕೆಂಪಗೆ ಉಂಟು. ಬೂತಾಯಿ, ಬಂಗುಡೆ, ದೊಡ್ಡ ದೊಡ್ಡ ಕೇದರ, ಎಲ್ಲಾ ಉಂಟು. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅಲ್ಲಿ ಅಂಜಲ್ ಹಿಡಿಯುವ ಹಾಗಿಲ್ಲ, ನಮ್ಮಲ್ಲಿ ಜೂನ್ ಜುಲೈ ಟ್ರಾಲ್ ಬೋಟ್ ಬಂದ್ ಇದ್ದ ಹಾಗೆ, ಅಂಜಲ್ ಆಸೆ ಇದ್ದವ್ರು ಆ ಎರಡು ತಿಂಗಳು ಬಿಟ್ಟು ಹೋಗಿ. ಹೋಟೆಲಲ್ಲಿ ಉಳ್ಕೊಂಡವರಿಗೆ ಮೀನು ತಗೊಂಡು ಎಂತ ಮಾಡುದು ಅನ್ನುವ ಸಂಕಟ ಉಂಟು, ಅದಕ್ಕೇ ನನ್ನ ಸಲಹೆ, ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ತಗೊಳ್ಳಿ. ನಾವು ಹಾಗೇ ಮಾಡಿದ್ದು. ಊರಿಂದ ಮೆಣಸು, ಹುಣ್ಸೆಹುಳಿ ಕಟ್ಟಿಕೊಂಡು ಹೋಗಿದ್ದೆ, ಬಸ್ಸಿನಲ್ಲಿ ಮೀನು ತರುದಾದ್ರೆ ಎರಡೆರಡು ಪ್ಲಾಸ್ಟಿಕ್ ಹಾಕಿ ಗಟ್ಟಿ ಕಟ್ಟಿಸಿ, ಎಸಿ ಬಸ್ಸು, ಬಾಕಿಯವರಿಗೂ ಮೂಗು ಉಂಟು.

ಮೀನು ಮಾರ್ಕೆಟ್‌ನಿಂದ ಕಾರ್ನಿಶ್ ಅನ್ನುವ ಸಮುದ್ರ ದಂಡೆಯ ರಸ್ತೆ ಹಿಡಿದು ನಡೆದ್ರೆ ಸೂಕ್. ಎಡಕ್ಕೆ ಸಮುದ್ರ, ಹಡಗುಗಳು, ಮೇಲೆ ಪೋರ್ಚುಗೀಸರ ಕಾಲದ ಮತ್ರಾ ಕೋಟೆ. 1650ರಲ್ಲಿ ಒಮಾನಿಗಳು ಪೋರ್ಚುಗೀಸರನ್ನು ಇಲ್ಲಿಂದ ಓಡಿಸಿದ್ದು. ಆ ಕಾಲದಲ್ಲಿ ಈ ಬಂದರಿಗೆ ಅಕ್ಕಿ ಬರ್ತಿದ್ದದ್ದು ನಮ್ಮ ಬಸರೂರು, ಮಂಗಳೂರು ಕಡೆಯಿಂದ, ಮರಳಲ್ಲಿ ಭತ್ತ ಬೆಳೀಲಿಕ್ಕೆ ಆಗುದಿಲ್ಲವಲ್ಲ. ಆಮೇಲೆ ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ, ಅಕ್ಕಿ, ಗಂಧ, ಕಾಳುಮೆಣಸು, ಏಲಕ್ಕಿ ಹೋಗ್ತಿತ್ತು. ಗಲ್ಫಿಗೆ ಹೋದದ್ದು ನಮ್ಮ ತಲೆಮಾರೇ ಮೊದಲು ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ, ಈ ದಡದಲ್ಲಿ ನಿಂತು ಇದನ್ನು ಮಕ್ಕಳಿಗೆ ಹೇಳ್ಬೇಕು. ನನ್ನ ಮಗನಿಗೂ ಗೊತ್ತಿರ್ಲಿಲ್ಲ, ಅಲ್ಲಿ ಸ್ಕೂಲಿನಲ್ಲಿ ಕಲ್ಸಿದ್ದು ದಿಲ್ಲಿ ಸುಲ್ತಾನರ ಚರಿತ್ರೆ.

ಸೂಕ್ ಒಳಗೆ ನಂಗೆ ದಾರಿ ಹೇಳ್ಬೇಕು ಅಂತ ಇಲ್ಲ, ಇಲ್ಲಿ ಮಾತ್ರ ನಾನೇ ಮುಂದೆ, ಮಗ ಹಿಂದೆ. ಮುಂದಿನ ಅಂಗಡಿಗಳು ಕ್ರೂಸ್ ಹಡಗಿನಿಂದ ಬರುವವರಿಗೆ, ರೇಟೂ ಅವರಿಗೇ. ಒಳಗೆ ಹೋಗಿ, ಎರಡು ಮೂರು ಅಡ್ಡ ಗಲ್ಲಿ ದಾಟಿದ ಮೇಲೆ ಲುಬಾನ್ ಅಂಗಡಿ ಕೇಳಿ. ಅದು ಸಾಂಬ್ರಾಣಿ ತರ ಧೂಪ ಹಾಕುವಂಥದ್ದು, ದಕ್ಷಿಣ ಒಮಾನಿನ ಧೋಫಾರ್‌ನ ಮರದ ಅಂಟು, ಮರದ ತೊಗಟೆ ಕೆತ್ತಿ ಬಿಟ್ರೆ ಹಾಲಿನ ಹಾಗೆ ಒಸರಿ ಗಟ್ಟಿಯಾಗ್ತದೆ, ಹೊಜಾರಿ ಅಂತ ಬರುದು ಎಲ್ಲಕ್ಕಿಂತ ಒಳ್ಳೇದು, ಸ್ವಲ್ಪ ಹಸಿರು ಛಾಯೆ, ಬೆಳಕಿಗೆ ಹಿಡಿದ್ರೆ ಪಾರದರ್ಶಕ. ಕಂದು ಬಣ್ಣದ್ದು ಪುಡಿ ಪುಡಿ ಇದ್ದದ್ದು ಹೊಜಾರಿ ಅಂತ ಕೊಟ್ರೆ ತಗೊಳ್ಬೇಡಿ. ಹಲ್ವಾ ಮಾತ್ರ ರುಚಿ ನೋಡದೆ ಕಟ್ಟಿಸ್ಬೇಡಿ, ಕೇಸರಿ, ಏಲಕ್ಕಿ, ಗುಲಾಬಿ ನೀರು, ತುಪ್ಪ ಹಾಕಿ ಗಂಟೆಗಟ್ಲೆ ತಿರುಗಿಸಿ ಮಾಡಿದ್ದು, ಬಿಸಿ ಇದ್ದಾಗ ಒಂದು ಚಮ್ಚ ಕೊಡ್ತಾರೆ, ಕೇಳ್ಲಿಕ್ಕೆ ನಾಚಿಕೆ ಬೇಡ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಸೂಕ್ ಬಾಗಿಲು ಹಾಕ್ತದೆ, ಸಂಜೆ ಮತ್ತೆ ತೆರೀತದೆ, ಶುಕ್ರವಾರ ಬೆಳಿಗ್ಗೆ ಇಲ್ಲ.

ದೊಡ್ಡ ಮಸೀದಿಗೂ ಒಂದನೇ ನಂಬರ್ ಬಸ್ಸಲ್ಲೇ ಹೋದದ್ದು. ನಾವಿದ್ದಾಗ ಅದು ಕಟ್ತಾ ಇದ್ರು, ಕ್ರೇನ್ ಮಾತ್ರ ಕಾಣ್ತಿತ್ತು, 2001ರಲ್ಲಿ ತೆರೆದದ್ದು. ಬೇರೆ ಧರ್ಮದವರಿಗೆ ಶುಕ್ರವಾರ ಬಿಟ್ಟು ಬೆಳಗಿನ ಹೊತ್ತು ಒಳಗೆ ಬಿಡ್ತಾರೆ, ಹೆಂಗಸ್ರು ತಲೆ ಮುಚ್ಬೇಕು, ಕೈ ಕಾಲು ಮುಚ್ಚುವ ಬಟ್ಟೆ. ಇಪ್ಪತ್ತೊಂದು ಟನ್ ತೂಕದ ಒಂದೇ ಕಾರ್ಪೆಟ್ಟು, ಇರಾನಿನ ಹೆಂಗಸ್ರು ನಾಲ್ಕು ವರ್ಷ ಕೂತು ಕೈಯಲ್ಲಿ ನೇಯ್ದದ್ದು. ಕಾರ್ಪೆಟ್ ನೋಡಿದ ಮೇಲೆ ಬಾಕಿ ಎಂತದ್ದೂ ನಂಗೆ ನೆನಪಿಲ್ಲ. ಸ್ಟಾಪಿನಲ್ಲಿ ಇಳಿದ ಮೇಲೆ ಸ್ವಲ್ಪ ನಡೀಲಿಕ್ಕುಂಟು, ಮಂಡಿ ನೋವಿದ್ದವರು ಇಲ್ಲಿಗೆ ಮಾತ್ರ ಟ್ಯಾಕ್ಸಿ ಮಾಡಿ, ಈಗ ಆ್ಯಪಿನಲ್ಲೇ ಬುಕ್ ಮಾಡ್ಲಿಕ್ಕಾಗ್ತದೆ, ಮೊದಲಿನ ಹಾಗೆ ಚೌಕಾಸಿ ಇಲ್ಲ. ಹಳೇ ಮಸ್ಕತ್‌ನ ಮೋತೀಶ್ವರ ಶಿವ ದೇವಸ್ಥಾನಕ್ಕೂ ನಾವು ಮತ್ರಾದಿಂದ ಟ್ಯಾಕ್ಸಿಯೇ ಮಾಡಿದ್ದು. ಅರಮನೆ ಹತ್ರ ಅಷ್ಟು ಹಳೇ ಶಿವ ದೇವಸ್ಥಾನ ಇವತ್ತಿಗೂ ಪೂಜೆ ನಡೀತಾ ಉಂಟು ಅಂದ್ರೆ ಆ ದೇಶದ ಜನರ ಮನಸ್ಸು ಎಂಥದ್ದು ಅಂತ ನೋಡಿ. ಕಛ್‌ನಿಂದ ಬಂದ ಭಾಟಿಯಾ ವ್ಯಾಪಾರಿಗಳು ಶತಮಾನಗಳಿಂದ ಅಲ್ಲಿದ್ದಾರೆ, ಅವರಲ್ಲಿ ಕನಕ್ಸಿ ಖಿಮ್ಜಿ ಅವರಿಗೆ ಸುಲ್ತಾನರು ಶೇಖ್ ಪದವಿ ಕೊಟ್ಟಿದ್ರು.

ಯಾರಿಗೆ ಈ ಬಸ್ಸು ಆಗುದಿಲ್ಲ ಅಂತಲೂ ಹೇಳ್ಬೇಕಲ್ಲ. ಬೇಸಿಗೆಯಲ್ಲಿ ಹೋಗುವವರಿಗೆ ಆಗುದಿಲ್ಲ, ಮೇಯಿಂದ ಆಗಸ್ಟ್‌ವರೆಗೆ ನಲ್ವತ್ತು ಡಿಗ್ರಿ ದಾಟುವಾಗ ಸ್ಟಾಪಿನಿಂದ ಮನೆವರೆಗೆ ನಡಿಯುದು ವಯಸ್ಸಾದವರಿಗೆ ಶಿಕ್ಷೆ, ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ. ಬಸ್ಸು ಮೇನ್ ರೋಡಲ್ಲಿ ಹೋಗ್ತದೆ, ಒಳ ಗಲ್ಲಿಗಳಲ್ಲಿ ಮನೆ ಇದ್ದವರ ಹಳೇ ಬಿಲ್ಡಿಂಗ್ ಹುಡುಕ್ಲಿಕ್ಕೆ ಕಾಲೇ ಬೇಕು. ನಿಜ್ವಾ ಕೋಟೆ, ಜಬಲ್ ಅಖ್ದರ್ ಬೆಟ್ಟ ನೋಡ್ಬೇಕಾದವ್ರು ಕಾರ್ ತಗೊಳ್ಳಿ, ಜಬಲ್ ಅಖ್ದರ್‌ಗೆ ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಪೊಲೀಸರು ಕೆಳಗೇ ನಿಲ್ಲಿಸ್ತಾರೆ. ಶುಕ್ರವಾರ ಸಂಜೆ ರೂವಿ ಕಡೆ ಬಸ್ಸು ತುಂಬಾ ರಶ್ಶು, ಸೈಟಿನ ಹುಡುಗ್ರಿಗೆ ವಾರಕ್ಕೆ ಅದೊಂದೇ ರಜೆ, ಅವರು ಊರಿಗೆ ದುಡ್ಡು ಕಳ್ಸಿ ಸಾಮಾನು ತಗೊಳ್ಳಿಕ್ಕೆ ಬರುವ ಹೊತ್ತು, ಆ ಒಂದು ಹೊತ್ತು ನಾವು ಬಿಟ್ಟುಕೊಟ್ರೆ ಆಯ್ತು. ಸರ್ಕಾರಿ ರಜೆ ಈಗ ಶುಕ್ರವಾರ ಶನಿವಾರ, ನಮ್ಮ ಕಾಲದ ಗುರುವಾರ ಶುಕ್ರವಾರ 2013ರಲ್ಲೇ ಹೋಯ್ತು, ಹಳೇ ಲೆಕ್ಕ ಹಿಡ್ಕೊಂಡು ಬ್ಯಾಂಕಿಗೋ ಸ್ಕೂಲ್ ನೋಡ್ಲಿಕ್ಕೋ ಹೋಗ್ಬೇಡಿ.

ಮಗ ಆಫೀಸಿನ ಮೀಟಿಂಗ್ ಅಂತ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಎದುರು ಕೂತ. ನಾನು ಒಬ್ಳೇ ಹೋಗಿ ಬರ್ತೇನೆ ಅಂದೆ. ಅವನು ಮುಖ ನೋಡಿದ, ಫೋನ್ ಚಾರ್ಜ್ ಉಂಟಾ ಅಂತ ಕೇಳಿದ, ಅಷ್ಟೇ. ರೂವಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ನಾಲ್ಕನೇ ನಂಬರ್ ಹತ್ತಿ, ಡ್ರೈವರಿಗೆ ಮತ್ರಾ ಅಂತ ಹೇಳಿ ಟಿಕೆಟ್ ತಗೊಂಡು, ಮುಂದಿನ ಸೀಟಲ್ಲಿ ಕೂತೆ. ಆ ಊರಲ್ಲಿ ಅಷ್ಟು ವರ್ಷ ಇದ್ದು ನಾನು ಒಬ್ಳೇ ಎಲ್ಲಿಗಾದ್ರೂ ಹೋದದ್ದು ಅದೇ ಮೊದಲು. ಮತ್ರಾದಲ್ಲಿ ಇಳಿದು, ಅಂಜಲ್ ತಗೊಂಡು, ಕಾರ್ನಿಶ್‌ನಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸ್ ಬಂದು ಮಗನ ಮೀಟಿಂಗ್ ಮುಗಿಯುವ ಹೊತ್ತಿಗೆ ಪುಳಿಮುಂಚಿ ಮಾಡಿ ಇಟ್ಟಿದ್ದೆ. ಈ ಬಸ್ಸು ಆ ಕಾಲದಲ್ಲಿ ಇದ್ದಿದ್ರೆ ನಮ್ಮ ಬಿಲ್ಡಿಂಗಿನ ಎಷ್ಟು ಹೆಂಗಸರ ದಿನಗಳು ಬೇರೆ ಆಗ್ತಿದ್ವು ಅಂತ ನಂಗೆ ಈಗ್ಲೂ ಅನ್ಸ್ತದೆ, ಅವರಲ್ಲಿ ಕೆಲವರು ಈಗ ಇಲ್ಲ, ಇದ್ದವರಿಗೆಲ್ಲ ಫೋನ್ ಮಾಡಿ ಹೇಳಿದ್ದೇನೆ ಹೋಗಿ ಬನ್ನಿ ಅಂತ.

ಹೋಗುವವರಿಗೆ ಇನ್ನೊಂದು: ಮ್ವಾಸಲಾತ್ ಆ್ಯಪನ್ನು ಇಲ್ಲಿಂದಲೇ ಫೋನಿಗೆ ಹಾಕ್ಕೊಂಡು ಹೋಗಿ, ರೂಟು, ಟೈಮು ಅದ್ರಲ್ಲೇ ನೋಡ್ಬಹುದು. ಏರ್‌ಪೋರ್ಟಲ್ಲಿ ಇಳಿದ ಕೂಡ್ಲೇ ಲೋಕಲ್ ಸಿಮ್ ತಗೊಳ್ಳಿ. ರೂಮು ರೂವಿ ಬಸ್ ಸ್ಟ್ಯಾಂಡಿಗೆ ನಡಿಯುವ ದೂರದಲ್ಲೇ ನೋಡಿ, ಕುರುಮ್‌ನಲ್ಲಿ ಸಮುದ್ರ ಕಾಣುವ ರೂಮಿಗೆ ಕೊಡುವ ದುಡ್ಡಲ್ಲಿ ಇಲ್ಲಿ ಅಡುಗೆಮನೆ ಸಮೇತ ಸಿಗ್ತದೆ.